ಯುಗಾದಿಯ ಬೇವು ಮತ್ತು ಸಿಡಿದ ಸೀಸೆ

ಚೈತ್ರ ಶುದ್ಧ ಪ್ರತಿಪದೆಯಂದು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಹೊಸ್ತಿಲು ದಾಟಿ ಒಳಬಂದ ಅತಿಥಿಯ ಕೈಗೆ ಮೊದಲು ಬರುವುದು ಒಂದು ಲೋಟ ‘ಬೇವು’. ದಕ್ಷಿಣದ ಜಿಲ್ಲೆಗಳ ವಾಚಕರು ಬೇವೆಂದರೆ ಬೆಲ್ಲದ ಚೂರಿನೊಡನೆ ಅಗಿಯುವ ಕಹಿ ಎಲೆಯೆಂದು ಭಾವಿಸಿಯಾರು. ನಮ್ಮ ಕೌಜಲಗಿಯ ಸೀಮೆಯಲ್ಲಿ ಅದು ಅಗಿಯುವ ವಸ್ತುವಲ್ಲ, ಕುಡಿಯುವ ಪಾನಕ. ಹೊಸ ಮಣ್ಣಿನ ಗಡಿಗೆಯ ನೀರಿನಲ್ಲಿ ಬೆಲ್ಲ ಕರಗಿಸಿ, ಹುಣಸೆಯ ರಸ, ಮಾವಿನಕಾಯಿಯ ತುರಿ, ಪುಟಾಣಿ ಹಿಟ್ಟು, ಗಸಗಸೆ, ಒಣಕೊಬ್ಬರಿ, ಒಣದ್ರಾಕ್ಷಿ, ಉತ್ತತ್ತಿಗಳನ್ನು ಸೇರಿಸಿ, ಕಡೆಯಲ್ಲಿ ಆಗ ತಾನೆ ಉದುರಿಸಿ ತಂದ ಬೇವಿನ ಹೂವನ್ನು ಮೇಲೆ ತೇಲಬಿಡುವರು. ಪಶ್ಚಿಮ ದೇಶಗಳಲ್ಲಿ ವಸಂತದ ಹಬ್ಬಕ್ಕೆ ಹಲವು ಪಾನೀಯಗಳನ್ನು ಬೆರಸಿ ‘ಕಾಕ್‌ಟೇಲ್’ ಮಾಡುವುದೂ, ಮನೆಯಲ್ಲಿಯೇ ಬಿಯರ್ ಹುದುಗಿಸುವುದೂ ಉಂಟು. ಬೆರಕೆಯ ಕಲೆಯಲ್ಲಿ ನಮ್ಮ ಬೇವು ಅವುಗಳಿಗೆ ಸೋಲತಕ್ಕದ್ದಲ್ಲ. ಆದರೆ ಹುದುಗುವ ಮಾತು ಬಂದಾಗ ಮಾತ್ರ ನಮಗೆ ಬಾಲ್ಯದ ಒಂದು ಘಟನೆ ನೆನಪಾಗುತ್ತದೆ.

ಆಗ ನಮಗೆ ಹನ್ನೆರಡು ವರ್ಷ. ಹಬ್ಬದ ಬೇವು ಒಂದೇ ದಿನಕ್ಕೆ ಮುಗಿದು ಹೋಗುವುದು ನಮಗೆ ಸಹಿಸಲಾರದ ಅನ್ಯಾಯವಾಗಿ ಕಂಡಿತ್ತು. ಒಂದು ಗಾಜಿನ ಸೀಸೆಯ ತುಂಬ ಬೇವನ್ನು ಕದ್ದು, ಬೆಂಡಿನ ಬಿರಡೆಯನ್ನು ಬಿಗಿದು, ಅದರ ಮೇಲೆ ಹುರಿಯಿಂದ ಕಟ್ಟಿ, ಜೋಳದ ಚೀಲಗಳ ಹಿಂದೆ ಅಡಗಿಸಿ ಇಟ್ಟೆವು. ಮೂರನೆಯ ದಿನ ಮಧ್ಯಾಹ್ನ ಮನೆಯೆಲ್ಲ ಮಲಗಿದ್ದಾಗ ಬಂದೂಕು ಹಾರಿಸಿದಂಥ ಸದ್ದಾಯಿತು. ಚೀಲಗಳ ಬಳಿ ಆಡುತ್ತಿದ್ದ ತಮ್ಮನ ಹುಬ್ಬಿನಿಂದ ರಕ್ತ ಸುರಿಯುತ್ತಿತ್ತು. ಗಾಜಿನ ಚೂರು ಒಂದು ಬೆರಳಗಲ ಕೆಳಕ್ಕೆ ಬಂದಿದ್ದರೆ ಕಣ್ಣು ಉಳಿಯುತ್ತಿರಲಿಲ್ಲ. ಅಜ್ಜಿ ನಮ್ಮನ್ನು ಹೊಡೆಯಲಿಲ್ಲ, ಒಂದೇ ಮಾತು ಹೇಳಿದಳು: “ಬೇವು ಹೊತ್ತ ಮುಳುಗೂದ್ರಾಗ ತೀರಬೇಕ ನೋಡಪಾ, ನಾಳಿಗೆ ಉಳದ್ರ ಅದು ಬೇವಲ್ಲ.”

ಹಾಗಾದರೆ ಅದು ಮತ್ತೇನು? ಬೆಲ್ಲದ ನೀರಿಗೆ ಗಾಜನ್ನು ಒಡೆಯುವ ಬಲ ಎಲ್ಲಿಂದ ಬಂದಿತು? ಈ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ ಬೇವಿನ ಗಡಿಗೆಯನ್ನೇ ಒಮ್ಮೆ ನೋಡೋಣ.

ಗಡಿಗೆಯ ತಂಪು

ಯುಗಾದಿಯ ವೇಳೆಗೆ ನಮ್ಮ ಎರೆಭೂಮಿಯಲ್ಲಿ ಬಿಸಿಲು ಬಲಿತಿರುತ್ತದೆ. ಆದರೂ ಗಡಿಗೆಯ ಬೇವು ಗಂಟಲಿಗೆ ತಂಪಾಗಿಯೇ ಇರುತ್ತದೆ. ಇದಕ್ಕೆ ಕಾರಣ ಗಡಿಗೆಯ ಮೈಯಲ್ಲಿರುವ ಅಸಂಖ್ಯಾತ ಸೂಕ್ಷ್ಮ ರಂಧ್ರಗಳು. ಅವುಗಳ ಮೂಲಕ ಜಿನುಗಿದ ನೀರು ಹೊರಮೈಯಲ್ಲಿ ಆವಿಯಾಗುತ್ತದೆ. ಆವಿಯಾಗಲು ಶಾಖ ಬೇಕು. ಅದರ ಬಹುಪಾಲನ್ನು ಒಳಗಿನ ನೀರೇ ತೆರಬೇಕು. ಒಂದು ಗ್ರಾಮ್ ನೀರು ಆವಿಯಾಗಲು ಸುಮಾರು ೨,೪೩೦ ಜೂಲ್ ಶಾಖ ಬೇಕಾಗುತ್ತದೆ. ಅದೇ ಒಂದು ಗ್ರಾಮ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಇಳಿಸಲು ೪.೨ ಜೂಲ್ ತೆಗೆದರೆ ಸಾಕು. ಆದ್ದರಿಂದ ಹತ್ತು ಲೀಟರ್ ನೀರನ್ನು ಹತ್ತು ಡಿಗ್ರಿ ತಣಿಸಲು ಆವಿಯಾಗಬೇಕಾದದ್ದು ಸುಮಾರು ೧೭೦ ಗ್ರಾಮ್, ಎಂದರೆ ಒಂದು ಲೋಟಕ್ಕೂ ಕಡಮೆ! ಹೊರಗಿನ ಶಾಖವೂ ಒಳಕ್ಕೆ ಹರಿಯುವುದರಿಂದ ನಿಜವಾಗಿ ತುಸು ಹೆಚ್ಚು ನೀರು ಖರ್ಚಾಗುವುದೆಂಬುದು ಬೇರೆ ಮಾತು.

ಈ ತಂಪಿಗೂ ಒಂದು ಮಿತಿಯುಂಟು. ಗಾಳಿಯ ಉಷ್ಣತೆ ೩೮ ಡಿಗ್ರಿಯಿದ್ದು, ಆರ್ದ್ರತೆ ಶೇಕಡ ೨೦ ಇದ್ದರೆ, ಬುಗ್ಗೆಗೆ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ಸುಮಾರು ೨೧ ಡಿಗ್ರಿಯವರೆಗೆ ಇಳಿಯುತ್ತದೆ. ಗಡಿಗೆ ಎಷ್ಟೇ ಒಳ್ಳೆಯದಾದರೂ ಅದಕ್ಕಿಂತ ಕೆಳಗೆ ಹೋಗಲಾರದು. ಮಳೆಗಾಲದಲ್ಲಿ ಗಾಳಿ ತೇವದಿಂದ ತುಂಬಿರುವುದರಿಂದ ಅದೇ ಗಡಿಗೆ ತಣಿಸುವುದನ್ನು ಮರೆತಂತೆ ತೋರುವುದು.

ಕಲಕದಿದ್ದರೆ ನಾಲ್ಕು ತಿಂಗಳು

ಬೆಲ್ಲದ ಪೆಂಟೆ ಗಡಿಗೆಯ ತಳಕ್ಕೆ ಇಳಿದು ಅಲ್ಲಿಯೇ ಕರಗುತ್ತದೆ. ಬೆಲ್ಲದ ನೀರು ಬರಿಯ ನೀರಿಗಿಂತ ಸಾಂದ್ರವಾದುದರಿಂದ ಕೆಳಗೇ ನಿಲ್ಲುತ್ತದೆ. ಮೇಲೆ ಸಪ್ಪೆ ನೀರು, ಅದರ ಮೇಲೆ ತೇಲುವ ಹೂವು. ಪರದೇಶದ ಕುಶಲಿಗಳು ಗಾಜಿನ ಲೋಟದಲ್ಲಿ ಬಣ್ಣಬಣ್ಣದ ಪದರಗಳನ್ನು ಒಂದರ ಮೇಲೊಂದು ನಿಲ್ಲಿಸುವುದೂ ಇದೇ ತತ್ತ್ವದಿಂದ. ನೀರನ್ನು ಸಂಪೂರ್ಣ ನಿಶ್ಚಲವಾಗಿಟ್ಟು, ಸಕ್ಕರೆಯ ಅಣುಗಳು ತಾವಾಗಿಯೇ ಅಲೆಯುತ್ತ ಹತ್ತು ಸೆಂಟಿಮೀಟರ್ ಮೇಲೇರಲಿ ಎಂದು ಕಾದರೆ ಎಷ್ಟು ಕಾಲ ಹಿಡಿದೀತು? ವಿಸರಣದ ನಿಯಮದಂತೆ ಲೆಕ್ಕ ಹಾಕಿದರೆ ಸುಮಾರು ಒಂದು ಕೋಟಿ ಸೆಕೆಂಡು, ಎಂದರೆ ನಾಲ್ಕು ತಿಂಗಳ ಹತ್ತಿರ! ಸೌಟಿನಿಂದ ನಾಲ್ಕು ಸುತ್ತು ಕಲಕುವ ತಾಯಂದಿರು ಆ ನಾಲ್ಕು ತಿಂಗಳನ್ನು ಅರ್ಧ ನಿಮಿಷಕ್ಕೆ ಇಳಿಸುತ್ತಾರೆ.

ಕರೆಯದೆ ಬರುವ ಅತಿಥಿಗಳು

ಇನ್ನು ಸೀಸೆಯ ಕಥೆಗೆ ಬರೋಣ. ಮಹಾಲಿಂಗಪುರದ ಪೇಟೆಯಿಂದ ತಂದ ಬೆಲ್ಲದ ಪೆಂಟೆ ತಿಂಗಳುಗಟ್ಟಲೆ ಹುಳಿಯದೆ ಇರುತ್ತದೆ. ಅದೇ ಬೆಲ್ಲ ನೀರಾದರೆ ಎರಡು ದಿನ ತಾಳುವುದಿಲ್ಲ. ಏಕೆ? ಗಾಳಿಯಲ್ಲಿ, ಹಣ್ಣಿನ ಸಿಪ್ಪೆಯ ಮೇಲೆ, ಹೂವಿನ ಮಕರಂದದಲ್ಲಿ ಯೀಸ್ಟ್ ಎಂಬ ಏಕಕೋಶ ಜೀವಿಗಳು ಸದಾ ನೆಲಸಿರುತ್ತವೆ. ಗಟ್ಟಿ ಬೆಲ್ಲದ ಮೇಲೆ ಬಿದ್ದ ಕೋಶದ ನೀರನ್ನು ಬೆಲ್ಲವೇ ಹೀರಿಬಿಡುವುದರಿಂದ ಅದು ಬೆಳೆಯಲಾರದು. ಪಾನಕದಲ್ಲಾದರೋ ನೀರೂ ಉಂಟು, ಆಹಾರವೂ ಉಂಟು, ಹಿತವಾದ ಬೆಚ್ಚಗೂ ಉಂಟು. ಎರಡು ಗಂಟೆಗೊಮ್ಮೆ ಒಂದು ಎರಡಾದರೆ, ಇಪ್ಪತ್ತನಾಲ್ಕು ಗಂಟೆಯಲ್ಲಿ ಒಂದೊಂದು ಕೋಶವೂ ೪,೦೯೬ ಆಗುತ್ತದೆ. ಹಬ್ಬದ ಸಂಜೆ ನಿರುಪದ್ರವಿಯಾಗಿದ್ದ ಬೇವು ಮರುದಿನ ಹುಳಿಯಾಗಿ ನೊರೆಗಟ್ಟುವುದರಲ್ಲಿ ಆಶ್ಚರ್ಯವೇನು?

ಯೀಸ್ಟ್ ಜೀವಿಯೆಂಬುದನ್ನು ೧೮೩೭ರ ಸುಮಾರಿಗೆ ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್, ಜರ್ಮನಿಯ ಶ್ವಾನ್ ಮೊದಲಾದವರು ಪ್ರತಿಪಾದಿಸಿದರು. ಪಾಸ್ತರ್ ೧೮೫೭ರಿಂದ ನಡೆಸಿದ ಪ್ರಯೋಗಗಳು ಹುದುಗುವಿಕೆ ಸೂಕ್ಷ್ಮಜೀವಿಗಳ ಕೆಲಸವೆಂಬುದನ್ನು ಸ್ಥಿರಪಡಿಸಿದವು. ಬಳಿಕ ೧೮೯೭ರಲ್ಲಿ ಎಡ್ವರ್ಡ್ ಬುಖ್ನರ್ ಯೀಸ್ಟನ್ನು ಅರೆದು ಹಿಂಡಿದ ರಸ ಕೂಡ ಸಕ್ಕರೆಯನ್ನು ಹುದುಗಿಸಬಲ್ಲುದೆಂದು ತೋರಿಸಿದನು. ಜೀವಕೋಶವಲ್ಲ, ಅದರೊಳಗಿನ ಕಿಣ್ವಗಳು ಈ ಕ್ರಿಯೆಯನ್ನು ನಡೆಸುವುವೆಂದು ಇದರಿಂದ ತಿಳಿಯಿತು. ೧೯೦೭ರ ನೊಬೆಲ್ ಪಾರಿತೋಷಕ ಅವನಿಗೆ ಸಂದಿತು.

ಸೀಸೆ ಒಡೆದ ಲೆಕ್ಕ

ಯೀಸ್ಟ್ ಸಕ್ಕರೆಯನ್ನು ಸೀಳಿ ಎರಡು ವಸ್ತುಗಳನ್ನು ಮಾಡುತ್ತದೆ: ಒಂದು ಮದ್ಯಸಾರ, ಇನ್ನೊಂದು ಇಂಗಾಲದ ಡೈಆಕ್ಸೈಡ್ ಅನಿಲ. ೩೪೨ ಗ್ರಾಮ್ ಸಕ್ಕರೆಯಿಂದ ಸುಮಾರು ೧೮೪ ಗ್ರಾಮ್ ಮದ್ಯಸಾರವೂ ೧೭೬ ಗ್ರಾಮ್ ಅನಿಲವೂ ಹುಟ್ಟುತ್ತವೆ. ಈ ಕ್ರಿಯೆಯಲ್ಲಿ ೧೮ ಗ್ರಾಮ್ ನೀರೂ ಸೇರುವುದರಿಂದ ಮೊತ್ತ ೩೬೦ ಆಗುತ್ತದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ನಮ್ಮ ಸೀಸೆ ಒಂದು ಲೀಟರಿನದೆಂದು ಇಟ್ಟುಕೊಳ್ಳೋಣ. ಮುಕ್ಕಾಲು ಪಾಲು ಬೇವು, ಕಾಲು ಪಾಲು ಗಾಳಿ. ಅದರಲ್ಲಿ ೨೦ ಗ್ರಾಮ್ ಸಕ್ಕರೆ ಮಾತ್ರ ಹುದುಗಿತೆಂದು ಭಾವಿಸೋಣ. ಹುಟ್ಟುವ ಅನಿಲ ಸುಮಾರು ೧೦.೩ ಗ್ರಾಮ್, ೩೦ ಡಿಗ್ರಿಯಲ್ಲಿ, ಸಾಮಾನ್ಯ ವಾಯುಭಾರದಲ್ಲಿ, ಅದು ೫.೮ ಲೀಟರ್ ಸ್ಥಳವನ್ನು ಬೇಡುತ್ತದೆ. ಅದರಲ್ಲಿ ಒಂದು ಭಾಗ ದ್ರವದಲ್ಲಿ ಕರಗುತ್ತದೆ, ಉಳಿದದ್ದು ಮೇಲಿನ ಜಾಗದಲ್ಲಿ ಒತ್ತೊತ್ತಾಗಿ ಸೇರುತ್ತದೆ. ಒತ್ತಡ ಒಂದು ವಾಯುಭಾರದಷ್ಟು ಏರಿದಾಗಲೆಲ್ಲ ಈ ಸೀಸೆ ಕರಗಿದ್ದೂ ಕರಗದ್ದೂ ಸೇರಿ ಸುಮಾರು ೦.೮ ಲೀಟರ್ ಅನಿಲವನ್ನು ಹಿಡಿಯಬಲ್ಲುದು. ೫.೮ನ್ನು ೦.೮ರಿಂದ ಭಾಗಿಸಿದರೆ ಏಳಕ್ಕಿಂತ ಹೆಚ್ಚು ಬರುವುದು! ಎಂದರೆ ಗಾಜಿನ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಏಳು ಕಿಲೋಗ್ರಾಮ್ ತೂಕ ಒಳಗಿನಿಂದ ಒತ್ತಿದಂತೆ. ಸಾಧಾರಣ ಸೀಸೆಗಳು ಇಷ್ಟನ್ನು ತಾಳಲೆಂದು ಮಾಡಿದವಲ್ಲ. ಸಿಹಿಯಾದ ಪಾನಕದಲ್ಲಿ ಇದರ ನಾಲ್ಕೈದು ಪಟ್ಟು ಸಕ್ಕರೆಯಿರುವುದರಿಂದ, ಅದರ ಒಂದು ಭಾಗ ಹುದುಗಿದರೂ ಅನಾಹುತಕ್ಕೆ ಸಾಕು. ಬಿರಡೆಯನ್ನು ಹುರಿಯಿಂದ ಕಟ್ಟದೆ ಇದ್ದಿದ್ದರೆ ಅದೇ ಹಾರಿಹೋಗಿ ತಮ್ಮನ ಹುಬ್ಬು ಉಳಿಯುತ್ತಿತ್ತು. ನಮ್ಮ ಜಾಣತನವೇ ನಮಗೆ ಮುಳುವಾಯಿತು.

ಇದೇ ಅನಿಲ ಹದ್ದಿನಲ್ಲಿದ್ದರೆ ಉಪಕಾರಿ. ಜಾತ್ರೆಯ ಗೋಲಿ ಸೋಡಾದ ಗೋಲಿಯನ್ನು ಕುತ್ತಿಗೆಗೆ ಒತ್ತಿ ಹಿಡಿದಿರುವುದೂ ಇದೇ.

ಬಿಯರಿನ ನೆರೆಯಲ್ಲಿ ಬೆಳೆದ ವಿಜ್ಞಾನ

ಸೋಡಾ ಹುಟ್ಟಿದ್ದೂ ಒಂದು ಬಿಯರ್ ಕಾರ್ಖಾನೆಯ ಮಗ್ಗುಲಲ್ಲಿಯೇ. ೧೭೬೭ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಜೋಸೆಫ್ ಪ್ರೀಸ್ಟ್ಲಿ ಅಂಥದೊಂದು ಕಾರ್ಖಾನೆಯ ನೆರೆಯಲ್ಲಿ ವಾಸವಾಗಿದ್ದನು. ಹುದುಗುತ್ತಿದ್ದ ತೊಟ್ಟಿಯ ಮೇಲೆ ನಿಂತ ಅನಿಲದಲ್ಲಿ ನೀರನ್ನು ಹಿಡಿದು ಅದು ಚುರುಕಾದ ರುಚಿ ಪಡೆಯುವುದನ್ನು ಕಂಡುಕೊಂಡನು. ಶಾಖ ಮತ್ತು ಕೆಲಸಗಳ ಸಂಬಂಧವನ್ನು ಅಳೆದ ಜೂಲ್ ಬಿಯರ್ ತಯಾರಕರ ಮನೆಯವನು. ಜಲಪಾತದ ತಳದ ನೀರು ತಲೆಯ ನೀರಿಗಿಂತ ಬೆಚ್ಚಗಿರಬೇಕೆಂದು ಅವನು ವಾದಿಸಿದನು. ಅವನ ಲೆಕ್ಕದಂತೆ, ಸುಮಾರು ೫೨ ಮೀಟರ್ ಧುಮುಕುವ ನಮ್ಮ ಗೋಕಾಕ ಜಲಪಾತದ ನೀರು ಕೇವಲ ೦.೧೨ ಡಿಗ್ರಿ ಬೆಚ್ಚಗಾಗಬೇಕು. ಆಮ್ಲತೆಯನ್ನು ಅಳೆಯುವ ಪಿಎಚ್ ಮಾನವನ್ನು ೧೯೦೯ರಲ್ಲಿ ಸೋರೆನ್ಸನ್ ರೂಪಿಸಿದ್ದು ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಸಂಸ್ಥೆ ಸ್ಥಾಪಿಸಿದ ಪ್ರಯೋಗಶಾಲೆಯಲ್ಲಿ.

ಬಿಯರ್ ಎಂದರೆ ಧಾನ್ಯದ ಪಾನೀಯ. ಬಾರ್ಲಿಯನ್ನು ಮೊಳೆಯಿಸಿದಾಗ ಹುಟ್ಟುವ ಕಿಣ್ವಗಳು ಅದರ ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಆ ಸಿಹಿನೀರನ್ನು ಹಾಪ್ ಎಂಬ ಬಳ್ಳಿಯ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಬೆರಸುವರು. ನಮ್ಮ ಲೋಟದಲ್ಲಿ ಬೇವಿನ ಹೂವಿಗಿರುವ ಸ್ಥಾನ ಅವರ ಲೋಟದಲ್ಲಿ ಹಾಪ್ ಹೂವಿಗೆ. ಎರಡೂ ಕಡೆ ಸಿಹಿಗೆ ಕಹಿಯ ಕಡಿವಾಣ. ನಮ್ಮಲ್ಲಿ ಧಾನ್ಯ ಹುದುಗುವುದು ಜೋಳದ ಹುಳಿ ಅಂಬಲಿಯಲ್ಲಿ. ಅಲ್ಲಿ ದುಡಿಯುವವು ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳು. ಆದ್ದರಿಂದ ಅಂಬಲಿ ಹುಳಿಯಾಗುತ್ತದೆ, ಅಮಲೇರಿಸುವುದಿಲ್ಲ.

ಒಂದು ಪ್ರಶ್ನೆ, ಅದಕ್ಕೆ ಉತ್ತರ

ಒಮ್ಮೆ ಹೋಳಿಯ ಹಿಂದಿನ ವಾರ ಇಬ್ಬರು ವಿದ್ಯಾರ್ಥಿಗಳು ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು ಸಂಕೋಚದಿಂದ ಕೇಳಿದರು: “ಸರ್, ಬೆಲ್ಲದ ನೀರಿಗೆ ಬೇಕರಿ ಯೀಸ್ಟ್ ಹಾಕಿ ಬಾಟ್ಲಿ ಮುಚ್ಚಿಟ್ರ ಬಿಯರ್ ಆಗ್ತದಂತ, ಖರೇನ್ರಿ?” ಗದರಿಸಿ ಕಳಿಸುವುದು ಸುಲಭವಾಗಿತ್ತು. ಆದರೆ ಗದರಿಕೆ ಉತ್ತರವಲ್ಲ. ನಾವು ಅವರನ್ನು ಕೂಡಿಸಿ ಮೇಲಿನ ಏಳು ವಾಯುಭಾರದ ಲೆಕ್ಕವನ್ನು ಅವರ ಕೈಯಿಂದಲೇ ಮಾಡಿಸಿದೆವು. ತಮ್ಮನ ಹುಬ್ಬಿನ ಕಥೆಯನ್ನೂ ಹೇಳಿದೆವು. ಬಳಿಕ ಇನ್ನೆರಡು ಮಾತು ಹೇಳಬೇಕಾಯಿತು.

ಮೊದಲನೆಯದು: ಅದು ಬಿಯರ್ ಅಲ್ಲ, ಸಾರಾಯಿ ಬಟ್ಟಿಯಿಳಿಸುವವರ ಕೊಳೆಗೆ ಹತ್ತಿರದ ವಸ್ತು. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ೧೯೬೫ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಅಪರಾಧ. ಸಾರಾಯಿಯನ್ನಂತೂ ರಾಜ್ಯದಲ್ಲಿ ೨೦೦೭ರ ಜುಲೈ ೧ರಿಂದ ನಿಷೇಧಿಸಲಾಗಿದೆ.

ಎರಡನೆಯದು: ಮದ್ಯಸಾರಕ್ಕೆ ಮೆಥನಾಲ್ ಎಂಬ ದಾಯಾದಿಯುಂಟು. ಕಣ್ಣಿಗೂ ಮೂಗಿಗೂ ಇವೆರಡರ ಭೇದ ತಿಳಿಯುವುದಿಲ್ಲ. ಹುದುಗಿದ ಬೆಲ್ಲದಲ್ಲಿ ಮೆಥನಾಲ್ ಹೇಳಿಕೊಳ್ಳುವಷ್ಟು ಹುಟ್ಟದು. ಕಾರ್ಖಾನೆಗಳ ಮೆಥನಾಲನ್ನು ಲಾಭದಾಸೆಯಿಂದ ಬೆರಸಿದಾಗಲೇ ದುರಂತ. ಯಕೃತ್ತು ಅದನ್ನು ಮೊದಲು ಫಾರ್ಮಾಲ್ಡಿಹೈಡ್ ಆಗಿಯೂ ಬಳಿಕ ಫಾರ್ಮಿಕ್ ಆಮ್ಲವಾಗಿಯೂ ಮಾರ್ಪಡಿಸುತ್ತದೆ. ಆ ಆಮ್ಲ ದೃಷ್ಟಿನರವನ್ನು ಸುಟ್ಟು ಕುರುಡಾಗಿಸಿ, ಪ್ರಾಣವನ್ನೂ ತೆಗೆಯಬಲ್ಲುದು. ೧೯೮೧ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ೩೦೦ಕ್ಕೂ ಹೆಚ್ಚು ಜನ ಸತ್ತರು. ಎಲ್ಲಿಂದ ಬಂದಿತೆಂದು ತಿಳಿಯದ ಸೀಸೆಯನ್ನು ‘ಇದೂ ಬೆಲ್ಲದ್ದೇ’ ಎಂಬ ನಂಬಿಕೆಯಿಂದ ಬಾಯಿಗೆ ಹಿಡಿಯುವುದು ಜೀವವನ್ನು ಪಣವಿಟ್ಟಂತೆ.

ಅಪಾಯವಿಲ್ಲದ ಪ್ರಯೋಗ

ಕುತೂಹಲವನ್ನು ತಣಿಸಲು ಕುಡಿಯಲೇಬೇಕೆಂದಿಲ್ಲ. ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿಯಲ್ಲಿ ಅರ್ಧದಷ್ಟು ಬೆಚ್ಚಗಿನ ನೀರು, ಎರಡು ಚಮಚ ಬೆಲ್ಲ, ಒಂದು ಚಿಟಿಕೆ ಬೇಕರಿಯ ಯೀಸ್ಟ್ ಹಾಕಿರಿ. ಮುಚ್ಚಳದ ಬದಲು ಬಾಯಿಗೆ ಒಂದು ಬಲೂನು ಸಿಕ್ಕಿಸಿರಿ. ಗಂಟೆಯೊಳಗಾಗಿ ಬಲೂನು ತಲೆಯೆತ್ತುವುದನ್ನು ಕಾಣುವಿರಿ. ಅದು ಸಾಕಷ್ಟು ಉಬ್ಬಿದೊಡನೆ ಕತ್ತನ್ನು ಹಿಸುಕಿ ತೆಗೆದು, ಒಳಗಿನ ಅನಿಲವನ್ನು ಒಂದು ಕೊಳವೆಯ ಮೂಲಕ ತಿಳಿಯಾದ ಸುಣ್ಣದ ನೀರಿಗೆ ಬಿಟ್ಟರೆ, ನೀರು ಹಾಲಿನಂತಾಗುವುದು. ಇಂಗಾಲದ ಡೈಆಕ್ಸೈಡಿನ ಗುರುತೇ ಅದು. ಬೆಚ್ಚಗಿನ ನೀರಿನ ಬದಲು ಗಡಿಗೆಯ ತಣ್ಣೀರನ್ನು ಬಳಸಿ ಇದನ್ನೇ ಮಾಡಿ, ಎರಡು ಬಲೂನುಗಳ ಸುತ್ತಳತೆಯನ್ನು ಹತ್ತು ನಿಮಿಷಕ್ಕೊಮ್ಮೆ ಬರೆದಿಡಿರಿ. ಮುಗಿದ ಮೇಲೆ ದ್ರವವನ್ನು ಚೆಲ್ಲಿಬಿಡಿರಿ.

ಆ ಇಬ್ಬರು ವಿದ್ಯಾರ್ಥಿಗಳು ಈ ಪ್ರಯೋಗವನ್ನೇ ಮಾಡಿದರು. ಬಲೂನು ಎದ್ದು ನಿಂತಾಗ ಅವರ ಮುಖದಲ್ಲಿ ಕಂಡ ಬೆರಗು ಯಾವ ಅಮಲಿಗೂ ಕಡಮೆಯದಾಗಿರಲಿಲ್ಲ.

ಈಗಲೂ ಯುಗಾದಿಗೆ ಊರಿಗೆ ಹೋದಾಗ ತಮ್ಮನೊಡನೆ ಕುಳಿತು ಬೇವು ಕುಡಿಯುತ್ತೇವೆ. ಅವನ ಹುಬ್ಬಿನ ಮೇಲಿನ ಗೆರೆ ಇನ್ನೂ ಮಾಸಿಲ್ಲ. ಪಾಸ್ತರನ ಹೆಸರನ್ನೇ ಕೇಳದ ಅಜ್ಜಿಯ ಮಾತಿನಲ್ಲಿ ಯೀಸ್ಟ್ ಕೋಶಗಳ ಗುಣಾಕಾರವೆಲ್ಲ ಅಡಗಿತ್ತೆಂದು ಈಗ ತಿಳಿಯುತ್ತದೆ. ಹೊತ್ತು ಮುಳುಗುವುದರೊಳಗೆ ಗಡಿಗೆಯನ್ನು ಬರಿದು ಮಾಡಿ ತೊಳೆದು ಬೋರಲು ಹಾಕುವ ಕೆಲಸವನ್ನು ನಾವೇ ಮಾಡುತ್ತೇವೆ.