ನಡುಗೋಡೆ ತೆಗೆಯೋ ಮುನ್ನ

ಇಳಕಲ್ಲಿನ ನಮ್ಮ ಹಳೇ ಮನೆಯಲ್ಲಿ ಎರಡು ರೂಮ್ ಸೇರಿಸಿ ಹಾಲ್ ಮಾಡೋಣ ಅಂತ ಕಾಕಾ ಹೊರಟಿದ್ದರು. "ನಡುವಿನ ಗ್ವಾಡಿ ತೆಗದ್ರ ಆತಲ್ಲ?" ಅಷ್ಟಕ್ಕೇ ಆಗೂದಿಲ್ರಿ ಕಾಕಾ!

ನಮ್ಮದು ಮಣ್ಣಿನ ಮಾಳಿಗೆ. ಜಂತಿ ಮೇಲೆ ಒಂದಡಿ ಮಣ್ಣು, ಅಂದ್ರೆ ಚದರ ಮೀಟರಿಗೆ ಸುಮಾರು 500 ಕೆಜಿ. ರೂಮುಗಳು ತಲಾ 3 ಮೀಟರ್ ಅಗಲ, ಎರಡೂ ಕಡೆಯ ಜಂತಿಗಳ ತುದಿ ಕೂತಿರೋದು ಇದೇ ಗೋಡೆ ಮೇಲೆ. 3 ಮೀಟರ್ ಗೋಡೆ ತೆಗೆದರೆ ನಾಲ್ಕೂವರೆ ಟನ್ನಿಗೆ ಆಸರೆಯೇ ಇಲ್ಲ. (ಜಂತಿ ಗೋಡೆಗೆ ಸಮಾನಾಂತರವಾಗಿದ್ದರೆ ಲೆಕ್ಕ ಬೇರೆ. ಮೊದಲು ತಲೆಯೆತ್ತಿ ನೋಡಬೇಕಾದದ್ದು ಅದನ್ನೇ.)

ಗೋಡೆಯೇ ಹೊರಬೇಕು ಅಂತೇನಿಲ್ಲ. ನಮ್ಮ ಪಕ್ಕದ ಐಹೊಳೆಯ ಲಾಡಖಾನ್ ಗುಡಿಯೊಳಗೆ ಕಲ್ಲಿನ ಚಾವಣಿಯನ್ನ ಕಂಬ, ತೊಲೆಗಳು ಹೊತ್ತು ನಿಂತಿಲ್ವಾ? ಆದರೆ ಹೊಸ ತೊಲೆ ಬರೋವರೆಗೆ ಯಾರು ಹೊರಬೇಕು?

ಗೌಂಡಿ ಗೋಡೆಯ ಎರಡೂ ಬದಿ ಜಂತಿಗಳ ಕೆಳಗೆ ಅಡ್ಡ ತೊಲೆ ಕೊಟ್ಟು ಜಾಕ್ ನಿಲ್ಲಿಸಿದರು. ಒಂದೇ ಬದಿ ಕೊಟ್ಟರೆ ಇನ್ನೊಂದು ಬದಿ ಬೀಳುತ್ತೆ. ಜಾಕ್ ಕೆಳಗೆ ದಪ್ಪ ಹಲಗೆ ಬೇಕು, ಇಲ್ಲದಿದ್ರೆ ನೆಲದೊಳಗೆ ಇಳಿಯುತ್ತೆ. ಆಮೇಲೆ ಗೋಡೆಯನ್ನ ಮೇಲಿನಿಂದ ಬಿಚ್ಚಿ, ಇಂಜಿನಿಯರ್ ಲೆಕ್ಕ ಹಾಕಿಕೊಟ್ಟ ಐ-ಬೀಮ್ ಏರಿಸಿದರು. ಅದರ ಒಂದೊಂದು ತುದಿಗೂ ಎರಡು ಟನ್ ಮೇಲೆ ಭಾರ, ಅದಕ್ಕೇ ಕೆಳಗೆ ಗ್ರಾನೈಟ್ ದಿಂಡು. ಬೀಮ್-ಜಂತಿ ಸಂದಿಗೆ ಸಿಮೆಂಟ್ ಗಾರೆ ಬಿಗಿಯಾಗಿ ತುಂಬಿದರು.

ಮೂರನೇ ದಿನಕ್ಕೇ "ಜಾಕ್ ಬಾಡಿಗಿ ಏರಾಕತ್ತೈತಿ" ಅಂತ ಕಾಕಾ ಚಡಪಡಿಸಿದರು. ಗಾರೆ ಗಟ್ಟಿಯಾಗಲಿ ಅಂತ ಏಳು ದಿನ ಬಿಟ್ಟೆವು. ಅಷ್ಟೂ ದಿನ ಅಜ್ಜಿ ಹೊರಗೆ ಕಟ್ಟೆ ಮೇಲೇ ಮಲಗಿದಳು.