ಬಣ್ಣದ ಹೆಣಿಗೆಯ ಒಳಮಗ್ಗುಲು

ಕಲ್ಯಾಣದಿಂದ ಮುಂಬೈ ಸಿಎಸ್‌ಎಂಟಿಗೆ ಸುಮಾರು 54 ಕಿಲೋಮೀಟರ್. ಫಾಸ್ಟ್ ಲೋಕಲ್ ಹಿಡಿದರೂ ಗಂಟೆ ದಾಟುತ್ತದೆ. ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕವರು ಬಟಾಣಿ ಸುಲಿಯುತ್ತಾರೆ, ಸ್ತೋತ್ರ ಓದುತ್ತಾರೆ, ಇಲ್ಲವೇ ಚೀಲದಿಂದ ಉಲ್ಲನ್ ತೆಗೆದು ಹೆಣೆಯುತ್ತಾರೆ. ಠಾಣೆ, ಡೊಂಬಿವಲಿ, ನವಿ ಮುಂಬೈಗಳ ಸೆಕೆಗೆ ಸ್ವೆಟರ್ ಯಾಕೆ ಎಂದು ಯಾರೂ ಕೇಳುವುದಿಲ್ಲ. ಅದು ಹೋಗುವುದು ಊರಲ್ಲಿ ಹುಟ್ಟಿದ ಕೂಸಿಗೆ, ದಿಲ್ಲಿಯ ತಂಗಿಗೆ, ನ್ಯೂಜೆರ್ಸಿಯ ಮೊಮ್ಮಗನಿಗೆ.

ರೈಲಿನಲ್ಲಿ ಸಾಗುವುದು ಹೆಚ್ಚಾಗಿ ಒಂದೇ ಬಣ್ಣದ ಕೆಲಸ. ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು, ಕೈ ತಾನಾಗಿ ಓಡುತ್ತದೆ. ಎರಡು ಬಣ್ಣವೆಂದರೆ ಎರಡು ಉಂಡೆ, ಜೊತೆಗೆ ಕಣ್ಣೆದುರು ಚೌಕುಳಿ ಹಾಳೆಯ ನಕ್ಷೆ. ಠಾಣೆಯಲ್ಲಿ ನುಗ್ಗುವ ಜನರ ನಡುವೆ ಅದು ಆಗದ ಮಾತು. ಹಾಗಾಗಿ ಸಾದಾ ತೋಳುಗಳನ್ನು ರೈಲಿನಲ್ಲಿ ಮುಗಿಸಿ, ಎದೆಯ ಮೇಲಿನ ಬಣ್ಣದ ಪಟ್ಟಿಯನ್ನು ಮನೆಗೆ ಇಟ್ಟುಕೊಳ್ಳುವುದು ಒಳ್ಳೆಯ ಕ್ರಮ.

ಬಣ್ಣದ ಹೆಣಿಗೆಯಲ್ಲಿ ಜಗತ್ತಿಗೆಲ್ಲ ಪರಿಚಿತವಾದದ್ದು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಫೇರ್ ಐಲ್ ಎಂಬ ಪುಟ್ಟ ದ್ವೀಪದ ಹೆಸರು ಹೊತ್ತ ಪದ್ಧತಿ. 1920ರ ದಶಕದಲ್ಲಿ ಬ್ರಿಟನ್ನಿನ ಯುವರಾಜ, ಮುಂದೆ ಎಂಟನೆಯ ಎಡ್ವರ್ಡ್ ಆದವನು, ಅಲ್ಲಿನ ಸ್ವೆಟರ್ ತೊಟ್ಟು ಕಾಣಿಸಿಕೊಂಡ ಮೇಲೆ ಅದು ಫ್ಯಾಷನ್ ಆಯಿತು. ನೋಡುವವರಿಗೆ ಹತ್ತು ಬಣ್ಣ ಇದ್ದಂತೆ ಕಂಡರೂ ಒಂದು ಸಾಲಿನಲ್ಲಿ ಓಡುವುದು ಎರಡೇ ಎಳೆ. ಒಂದು ಎಳೆ ಹೆಣಿಗೆಗೆ ಬಂದಾಗ ಇನ್ನೊಂದು ಹಿಂಬದಿಯಲ್ಲಿ ಸುಮ್ಮನೆ ಹಾಯುತ್ತದೆ.

ಕಲಿಯಬೇಕಾದದ್ದೆಲ್ಲ ಈ ಹಾಯುವ ಎಳೆಯಲ್ಲಿದೆ. ಬಣ್ಣ ಬದಲಿಸುವ ಮುನ್ನ ಬಲಗಡ್ಡಿಯ ಮೇಲಿನ ಕುಣಿಕೆಗಳನ್ನು ಬೆರಳಿನಿಂದ ಹರಡಿಕೊಳ್ಳಬೇಕು. ಹರಡದೆ ಎಳೆದರೆ ಮುಂಭಾಗ ಸುಕ್ಕುಗಟ್ಟುತ್ತದೆ, ಸ್ವೆಟರ್ ತಲೆಗೇ ಇಳಿಯುವುದಿಲ್ಲ. ಐದು ಕುಣಿಕೆಗಿಂತ ಉದ್ದಕ್ಕೆ ಹಾಯುವಂತಿದ್ದರೆ ನಡುವೆ ಒಮ್ಮೆ ಇನ್ನೊಂದು ಎಳೆಯಡಿ ಸಿಕ್ಕಿಸಿಬಿಡಬೇಕು. ಕೂಸಿನ ಬಟ್ಟೆಯಲ್ಲಂತೂ ಇದು ಕಡ್ಡಾಯ, ಸಡಿಲ ಎಳೆಗೆ ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಹಿಂದೆ ಹಾಯುವಾಗ ಕೆಳಗಿನಿಂದ ಬರುವ ಎಳೆಯ ಕುಣಿಕೆ ಮುಂದೆ ತುಸು ದೊಡ್ಡದಾಗಿ, ಎದ್ದು ಕಾಣುತ್ತದೆ. ಚಿತ್ತಾರದ ಬಣ್ಣವನ್ನು ಕೊನೆಯವರೆಗೂ ಕೆಳಗೇ ಇಟ್ಟುಕೊಳ್ಳಬೇಕು. ಸಾಲಿನಿಂದ ಸಾಲಿಗೆ ಅದಲುಬದಲಾದರೆ ಹೂವು ಒಂದೆಡೆ ಮೂಡಿ, ಇನ್ನೊಂದೆಡೆ ಮುಳುಗುತ್ತದೆ. ಎದೆಯ ಮೇಲೆ ಒಂದೇ ದೊಡ್ಡ ಆನೆ ಬೇಕೆನ್ನುವವರಿಗೆ ಈ ದಾರಿ ಬೇಡ. ಅದಕ್ಕೆ ಪ್ರತಿ ಬಣ್ಣಕ್ಕೂ ಬೇರೆ ಪುಟ್ಟ ಉಂಡೆ ಕಟ್ಟಿಕೊಂಡು, ಬಣ್ಣ ಕೂಡುವ ಗಡಿಯಲ್ಲಿ ಎಳೆಗಳನ್ನು ಒಂದಕ್ಕೊಂದು ಹೊರಳಿಸಿಕೊಳ್ಳಬೇಕು, ಇಲ್ಲದಿದ್ದರೆ ತೂತು ಬೀಳುತ್ತದೆ.

ಮುಂಬೈ ಸುತ್ತಮುತ್ತ ನೆಲೆಸಿದ ಧಾರವಾಡ ಸೀಮೆಯ ಮನೆಗಳಲ್ಲಿ ಕಸೂತಿ ಬಲ್ಲ ಹಿರಿಯರಿದ್ದಾರೆ. ಬಣ್ಣದ ಹೆಣಿಗೆಗೆ ಅವರಷ್ಟು ಸಿದ್ಧವಾದ ಕೈ ಬೇರೆ ಯಾರಿಗೂ ಇಲ್ಲವೆಂದು ನನ್ನ ನಂಬಿಕೆ. ಇಳಕಲ್ ಸೀರೆಯ ಮೇಲೆ ಗಂಟಿಲ್ಲದೆ, ಎಳೆ ಎಣಿಸಿ, ಎರಡೂ ಬದಿ ಒಂದೇ ತೆರನಾಗಿ ಗವಂತಿ, ಮುರ್ಗಿ ಹೊಲಿಗೆ ಹಾಕಿದವರಿಗೆ ನಕ್ಷೆ ಓದುವುದನ್ನು ಹೇಳಿಕೊಡಬೇಕಿಲ್ಲ. ಗೋಪುರ, ತೇರು, ತುಳಸಿಕಟ್ಟೆ ಸ್ವೆಟರಿನ ಮೇಲೆ ಯಾಕೆ ಬರಬಾರದು? ಬರಬಹುದು, ಆದರೆ ಎಚ್ಚರ ಬೇಕು. ಗವಂತಿ ಗೆರೆಯ ಕೆಲಸ, ಹೆಣಿಗೆ ನಕ್ಷೆಯ ಮನೆ ತುಂಬುವ ಕೆಲಸ. ಮೇಲಾಗಿ ಹೆಣಿಗೆಯ ಕುಣಿಕೆ ಚೌಕವಲ್ಲ, ಎತ್ತರಕ್ಕಿಂತ ಅಗಲ ಜಾಸ್ತಿ. ಮಧ್ಯಮ ದಪ್ಪದ ಉಲ್ಲನ್ನಿನಲ್ಲಿ 10 ಸೆಂಟಿಮೀಟರ್ ಚೌಕಕ್ಕೆ ಸುಮಾರು 22 ಕುಣಿಕೆ, 28 ಸಾಲು. ಚೌಕುಳಿ ಹಾಳೆಯ ಮೇಲೆ 22 ಮನೆ ಅಗಲ, 22 ಮನೆ ಎತ್ತರ ಬರೆದ ಗೋಪುರ 10 ಸೆಂಟಿಮೀಟರ್ ಅಗಲವಾಗಿ, 8 ಸೆಂಟಿಮೀಟರ್ ಕೂಡ ಎತ್ತರವಿಲ್ಲದೆ ಕುಳ್ಳಾಗಿಬಿಡುತ್ತದೆ. ಎರಡೆಳೆ ಒಟ್ಟಿಗೆ ಓಡಿದಾಗ ಕುಣಿಕೆ ತುಸು ಚೌಕದತ್ತ ಹೊರಳುವುದುಂಟು. ಎಷ್ಟು ಹೊರಳುತ್ತದೆ ಎಂಬುದು ಒಂದು ತುಂಡು ಹೆಣೆದು, ಒಗೆದು, ಅಳೆದರೆ ಮಾತ್ರ ತಿಳಿಯುತ್ತದೆ.

ಬಣ್ಣ ಆರಿಸುವಾಗ ಮೊಬೈಲಿನಲ್ಲಿ ಎರಡು ಉಂಡೆಗಳ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಎರಡೂ ಒಂದೇ ಬೂದು ಬಣ್ಣವಾಗಿ ಕಂಡರೆ ಚಿತ್ತಾರ ಮೂಡುವುದಿಲ್ಲ. ಲೇಬಲ್ಲಿನ ಶೇಡ್ ನಂಬರಿನ ಜೊತೆ ಲಾಟ್ ನಂಬರನ್ನೂ ಹೊಂದಿಸಿ, ಬೇಕಾದಷ್ಟನ್ನು ಒಮ್ಮೆಗೇ ಕೊಳ್ಳಿ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಉಲ್ಲನ್ ಬಹುಪಾಲು ಅಕ್ರಿಲಿಕ್, ಬರುವುದು ಲುಧಿಯಾನದ ವರ್ಧಮಾನ್, ಗಂಗಾದಂಥ ಕಂಪನಿಗಳಿಂದ. ಹೆಣಿಗೆಯ ಪೋನಿ ಬ್ರ್ಯಾಂಡಿನ ಕಡ್ಡಿಗಳು ನೀಲಗಿರಿಯ ಕೇತ್ತಿಯವು.

ಇನ್ನು ಮುಗಿಸುವ ಕೆಲಸ. ತಿಂಗಳುಗಟ್ಟಲೆ ಹೆಣೆದವರು ಕೊನೆಯ ಎರಡು ದಿನ ಅವಸರ ಮಾಡುವುದನ್ನು ಕಂಡರೆ ಸಂಕಟವಾಗುತ್ತದೆ. ಎಳೆಯ ತುದಿಗಳನ್ನು ಗಂಟು ಹಾಕಿ ಕತ್ತರಿಸಬೇಡಿ. ಮೊಂಡು ಸೂಜಿಯಿಂದ ಅದೇ ಬಣ್ಣದ ಕುಣಿಕೆಗಳ ಹಿಂದೆ ಎರಡು ಇಂಚು ನೇಯ್ದು, ಮತ್ತೆ ವಾಪಸು ತನ್ನಿ. ಬದಿ ಹೊಲಿಯುವಾಗ ಮುಂಭಾಗ ಕಣ್ಣೆದುರಿರಲಿ: ಅಂಚಿನ ಕುಣಿಕೆ ಮತ್ತು ಪಕ್ಕದ ಕುಣಿಕೆಯ ನಡುವಿನ ಅಡ್ಡ ಎಳೆಯನ್ನು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಎತ್ತುತ್ತ ಹೋಗಿ, ಆರೇಳು ಸಲಕ್ಕೊಮ್ಮೆ ದಾರ ಎಳೆದರೆ ಹೊಲಿಗೆ ಮಾಯವಾಗುತ್ತದೆ, ಪಟ್ಟೆಗೆ ಪಟ್ಟೆ ಕೂಡುತ್ತದೆ. ಶುದ್ಧ ಉಣ್ಣೆಯಾದರೆ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ಟವೆಲಿನಲ್ಲಿ ಸುತ್ತಿ ಒತ್ತಿ, ಅಳತೆಗೆ ಹರಡಿ ಪಿನ್ ಮಾಡಿ. ಮಳೆಗಾಲದ ಡೊಂಬಿವಲಿ ಫ್ಲ್ಯಾಟಿನಲ್ಲಿ ಫ್ಯಾನಿನಡಿ ಎರಡು ಮೂರು ದಿನ ಬೇಕಾದೀತು. ಕೆಂಪು-ಬಿಳಿ ಜೋಡಿಯಾದರೆ ಮೊದಲು ಒದ್ದೆ ಬಿಳಿ ಬಟ್ಟೆಗೆ ಕೆಂಪನ್ನು ಒತ್ತಿ ಬಣ್ಣ ಬಿಡುತ್ತದೆಯೇ ನೋಡಿ. ಅಕ್ರಿಲಿಕ್ ಮೇಲೆ ಇಸ್ತ್ರಿ ತಾಗಿಸಲೇಬಾರದು. ಶಾಖಕ್ಕೆ ಎಳೆ ಸತ್ತು ಜೋತುಬಿದ್ದರೆ ಮತ್ತೆ ಏಳುವುದಿಲ್ಲ, ದೂರದಿಂದ ಹಬೆ ಸಾಕು.

ಫೇರ್ ಐಲ್ ಸೇರಿರುವ ಶೆಟ್ಲೆಂಡ್ ದ್ವೀಪಗಳವರು ಸ್ವೆಟರನ್ನು ಕೊಳವೆಯಂತೆ ಹೆಣೆದು, ನಡುವೆ ಕತ್ತರಿಯಿಂದ ಸೀಳಿ ಗುಂಡಿಪಟ್ಟಿ ಕೂಡಿಸುತ್ತಾರೆ. ಅಲ್ಲಿನ ಉಣ್ಣೆಯ ಎಳೆಗಳು ಒಂದನ್ನೊಂದು ಕಚ್ಚಿಕೊಂಡಿರುವುದರಿಂದ ಅದು ಬಿಚ್ಚುವುದಿಲ್ಲ. ಜಾರುವ ಅಕ್ರಿಲಿಕ್‌ಗೆ ಈ ಧೈರ್ಯ ಮಾಡುವ ಮುನ್ನ ಸೀಳಿನ ಎರಡೂ ಬದಿ ಮೆಷೀನ್ ಹೊಲಿಗೆ ಹಾಕಲೇಬೇಕು. ಗುಂಡಿಪಟ್ಟಿಗೆ ನಾಲ್ಕು ಸಾಲಿಗೆ ಮೂರು ಕುಣಿಕೆ ಎತ್ತಿಕೊಂಡರೆ ಪಟ್ಟಿ ಅಲೆಅಲೆಯಾಗದೆ ನೆಟ್ಟಗೆ ಕೂರುತ್ತದೆ.

ಹೊಸಬರು ಟೋಪಿಯಿಂದ ಶುರು ಮಾಡಲಿ. ವೃತ್ತಾಕಾರದ ಕಡ್ಡಿಯಲ್ಲಿ ಹೆಣೆದರೆ ಉಲ್ಟಾ ಸಾಲಿಲ್ಲ, ಹೊಲಿಗೆಯಿಲ್ಲ, ಚಿತ್ತಾರ ಸದಾ ಕಣ್ಣೆದುರು. ನಮ್ಮ ಕನ್ನಡ ಸಂಘಗಳ ಮಹಿಳಾ ವಿಭಾಗಗಳು ಅರಿಶಿನ-ಕುಂಕುಮ, ಭಜನೆಗಳ ಜೊತೆಗೆ ಶನಿವಾರ ಮಧ್ಯಾಹ್ನ ಎರಡು ಗಂಟೆ ಇದಕ್ಕೂ ಕೊಡಲಿ. ಕಸೂತಿ ಬಲ್ಲ ಅಜ್ಜಿಯರು ನಕ್ಷೆ ಬರೆದುಕೊಟ್ಟು, ಹೆಣಿಗೆ ಬಲ್ಲವರು ಅದನ್ನು ಕಡ್ಡಿಗೆ ಇಳಿಸಲಿ. ಶ್ರಾವಣದಲ್ಲಿ ಕೂತರೆ ನ್ಯೂಜೆರ್ಸಿಯ ಮೊಮ್ಮಗನ ಚಳಿಗೆ ತೇರಿನ ಟೋಪಿ ತಲುಪಲು ಸಮಯ ಧಾರಾಳವಾಗಿದೆ.