ಗ್ರಾಹಕಾನುಭವ ವಿನ್ಯಾಸವೋ, ಸೇವಾ ವಿನ್ಯಾಸವೋ?

ಬೇಡಿಕೆ ಪಡೆಯುವುದು, ಬಿಲ್ಲು ಮಾಡುವುದು, ಸರಕು ರವಾನಿಸುವುದು ಮುಂತಾದ ಕೆಲಸಗಳಿಗೆ ಇಂದು ಸಣ್ಣ ಉದ್ದಿಮೆಗಳೂ ತಂತ್ರಾಂಶವನ್ನು ಅವಲಂಬಿಸಿವೆ. ತಂತ್ರಾಂಶ ತಯಾರಕರು ತಮ್ಮ ಪ್ರಸ್ತಾವನೆಯಲ್ಲಿ 'ಕಸ್ಟಮರ್ ಎಕ್ಸ್‌ಪೀರಿಯನ್ಸ್' ಮತ್ತು 'ಸರ್ವಿಸ್ ಡಿಸೈನ್' ಎಂಬ ಎರಡು ಹೆಸರುಗಳನ್ನು ಬಳಸುವುದುಂಟು. ಇವೆರಡೂ ಒಂದೇ ಎಂದು ಭಾವಿಸಿ ಹಣ ಹೂಡಿದವರು, ಕೆಲಸ ಮುಗಿದರೂ ದೂರು ತಪ್ಪಲಿಲ್ಲವೆಂದು ಪರಿತಪಿಸಬೇಕಾದೀತು.

ವ್ಯತ್ಯಾಸವೇನು?

ಗ್ರಾಹಕಾನುಭವ ವಿನ್ಯಾಸವು ವ್ಯವಹಾರವನ್ನು ಗ್ರಾಹಕನ ಕಡೆಯಿಂದ ನೋಡುತ್ತದೆ. ಆತನು ದರ ವಿಚಾರಿಸಿದಂದಿನಿಂದ ಸರಕು ಕೈಸೇರುವವರೆಗೆ ಏನನ್ನು ಕಾಣುತ್ತಾನೆ, ಎಲ್ಲಿ ಕಾಯುತ್ತಾನೆ, ಎಲ್ಲಿ ಬೇಸರಗೊಳ್ಳುತ್ತಾನೆ ಎಂಬುದು ಅದರ ವಿಷಯ. ಸೇವಾ ವಿನ್ಯಾಸವು ಇದರ ಜೊತೆಗೆ, ಗ್ರಾಹಕನಿಗೆ ಕಾಣದ ಗೋದಾಮು, ಲೆಕ್ಕಪತ್ರ, ಸಿಬ್ಬಂದಿ, ಸಾಗಣೆ ಇವೆಲ್ಲವನ್ನೂ ಒಂದು ಕ್ರಮಕ್ಕೆ ತರುತ್ತದೆ. ಮೊದಲನೆಯದು ರಂಗಸ್ಥಳವನ್ನು ನೋಡಿದರೆ, ಎರಡನೆಯದು ಚೌಕಿಯನ್ನೂ ಸೇರಿಸಿ ನೋಡುತ್ತದೆ.

ಈ ವಿಚಾರಕ್ಕೆ ಸ್ಪಷ್ಟ ರೂಪ ಕೊಟ್ಟವರಲ್ಲಿ ಅಮೆರಿಕದ ಲಿನ್ ಶೋಸ್ಟಾಕ್ ಪ್ರಮುಖರು. ಅವರು 1984ರಲ್ಲಿ 'ಹಾರ್ವರ್ಡ್ ಬಿಸಿನೆಸ್ ರಿವ್ಯೂ' ಪತ್ರಿಕೆಯಲ್ಲಿ 'ಸೇವಾ ನೀಲನಕ್ಷೆ'ಯನ್ನು ವಿವರಿಸಲು ರಸ್ತೆ ಬದಿಯ ಬೂಟು ಪಾಲಿಶ್ ಕೆಲಸವನ್ನು ಆರಿಸಿಕೊಂಡರು. ಉಜ್ಜುವುದು, ಪಾಲಿಶ್ ಹಚ್ಚುವುದು, ಹೊಳಪು ಕೊಡುವುದು, ಹಣ ಪಡೆಯುವುದು ಇವು ಗ್ರಾಹಕನಿಗೆ ಕಾಣುವ ಹಂತಗಳು. ಸಾಮಗ್ರಿ ಖರೀದಿಯು 'ಕಾಣುವ ಗೆರೆ'ಯ ಕೆಳಗಿನದು. ಬೇರೆ ಬಣ್ಣದ ಪಾಲಿಶ್ ಹಚ್ಚುವ ತಪ್ಪು ಎಲ್ಲಿ ನಡೆಯಬಹುದು, ಅದನ್ನು ಹೇಗೆ ಸರಿಪಡಿಸಬೇಕು ಎಂಬುದನ್ನೂ ಅವರು ನಕ್ಷೆಯಲ್ಲಿಯೇ ಗುರುತಿಸಿದ್ದರು.

ರೈಲ್ವೆ ಟಿಕೆಟಿನ ನಿದರ್ಶನ

2002ರಲ್ಲಿ ಐ.ಆರ್.ಸಿ.ಟಿ.ಸಿ. ಅಂತರಜಾಲದ ಮೂಲಕ ರೈಲು ಟಿಕೆಟು ಕಾದಿರಿಸುವ ಸೌಲಭ್ಯವನ್ನು ಆರಂಭಿಸಿತು. ಹಣ ಪಾವತಿ ಗಣಕದಲ್ಲೇ ಆಗುತ್ತಿತ್ತಾದರೂ, ಮುದ್ರಿತ ಟಿಕೆಟು ಕೊರಿಯರ್ ಮೂಲಕ ಮನೆಗೆ ಬರಬೇಕಿತ್ತು. ಜಾಲತಾಣದ ಪುಟವನ್ನು ಎಷ್ಟೇ ಅಂದಗೊಳಿಸಿದ್ದರೂ ಈ ಕಾಯುವಿಕೆ ತಪ್ಪುತ್ತಿರಲಿಲ್ಲ. 2005ರಲ್ಲಿ ಇ-ಟಿಕೆಟು ಬಂದ ಮೇಲೆ, ಪ್ರಯಾಣಿಕನೇ ಮುದ್ರಿಸಿಕೊಂಡ ಚೀಟಿಯನ್ನು ಗುರುತಿನ ಪತ್ರದೊಡನೆ ತೋರಿಸಿದರೆ ಸಾಕಾಯಿತು. ಇದಕ್ಕೆ ತಂತ್ರಾಂಶದೊಂದಿಗೆ ನಿಯಮವೂ ರೈಲಿನೊಳಗಿನ ತಪಾಸಣಾ ಕ್ರಮವೂ ಬದಲಾಗಬೇಕಾಯಿತು. ಇದು ಸೇವೆಯನ್ನೇ ಮರುವಿನ್ಯಾಸಗೊಳಿಸಿದ ಕೆಲಸ.

ಆಯ್ಕೆ ಹೇಗೆ?

ಪಂಪಿನ ಬಿಡಿಭಾಗ ತಯಾರಿಸುವ ಘಟಕವೊಂದನ್ನು ಊಹಿಸಿಕೊಳ್ಳಬಹುದು. ಪರದೆಯ ಮೇಲೆ 40 ನಗ ದಾಸ್ತಾನು ಕಾಣುತ್ತದೆ; ಗ್ರಾಹಕನು ಬೇಡಿಕೆ ಸಲ್ಲಿಸುತ್ತಾನೆ; ಮರುದಿನ 'ಮಾಲು ಇಲ್ಲ' ಎಂಬ ದೂರವಾಣಿ ಕರೆ ಹೋಗುತ್ತದೆ. ಗೋದಾಮಿನಲ್ಲಿ ನಮೂದು ಸಂಜೆಗೊಮ್ಮೆ ಮಾತ್ರ ಆಗುತ್ತಿರುವುದೇ ಇದಕ್ಕೆ ಕಾರಣ. ಇಲ್ಲಿ ಬೇಕಾದುದು ಸೇವಾ ವಿನ್ಯಾಸ: ಮಾಲು ಹೊರಬಿದ್ದ ಕ್ಷಣವೇ ನಮೂದಾಗುವ ವ್ಯವಸ್ಥೆ. ಬದಲಿಗೆ, ದಾಸ್ತಾನು, ರವಾನೆ ಎಲ್ಲವೂ ಸರಿಯಾಗಿದ್ದೂ ಗ್ರಾಹಕರು ಅರ್ಜಿಯ ನಡುವೆಯೇ ಕೈಬಿಡುತ್ತಿದ್ದರೆ, ಅಳತೆಯ ಹೆಸರು ಅರ್ಥವಾಗದೆ ತಪ್ಪು ಮಾಲನ್ನು ತರಿಸುತ್ತಿದ್ದರೆ, ಗ್ರಾಹಕಾನುಭವ ವಿನ್ಯಾಸಕ್ಕೇ ಆದ್ಯತೆ ಸಲ್ಲಬೇಕು.

ಆದ್ದರಿಂದ ಒಪ್ಪಂದಕ್ಕೆ ಮೊದಲು ಉದ್ದಿಮೆದಾರರು ಕಳೆದ ಮೂರು ತಿಂಗಳ ದೂರುಗಳನ್ನು ಪಟ್ಟಿಮಾಡಿ, ಪ್ರತಿಯೊಂದೂ ಕಾಣುವ ಗೆರೆಯ ಮೇಲೆ ಹುಟ್ಟಿತೋ ಕೆಳಗೆ ಹುಟ್ಟಿತೋ ಎಂದು ಗುರುತಿಸುವುದು ಒಳಿತು. ಹೆಚ್ಚಿನವು ಕೆಳಗಿನವಾದರೆ, ಕೆಲಸ ಆರಂಭಿಸುವ ಮುನ್ನ ನೀಲನಕ್ಷೆಯನ್ನು ಕಾಗದದ ಮೇಲೆ ಕೊಡುವಂತೆ ತಂತ್ರಾಂಶ ತಯಾರಕರನ್ನು ಕೇಳಬೇಕು. ಅದನ್ನು ರಚಿಸುವಾಗ ಮಾಲೀಕರಷ್ಟೇ ಅಲ್ಲದೆ ಗೋದಾಮಿನವರೂ ಗುಮಾಸ್ತರೂ ಜೊತೆಗಿರುವುದು ಅಗತ್ಯ. ಒಳಗಿನ ಕ್ರಮ ಬದಲಿಸುವ ಅಧಿಕಾರ ತಂತ್ರಾಂಶ ತಯಾರಕರಿಗಿಲ್ಲ. ಅದು ಮಾಲೀಕರ ಹೊಣೆ.

ಎರಡೂ ವಿನ್ಯಾಸಗಳು ಒಂದಕ್ಕೊಂದು ಪೂರಕವೇ ಹೊರತು ವಿರೋಧಿಗಳಲ್ಲ. ಆದರೆ ಕೈಯಲ್ಲಿರುವ ಹಣ ಒಂದಕ್ಕಷ್ಟೇ ಸಾಲುವುದಾದರೆ, ದೂರು ಹುಟ್ಟುವ ಜಾಗಕ್ಕೇ ಅದನ್ನು ವಿನಿಯೋಗಿಸುವುದು ಜಾಣತನ. ಮೇಲೆ ಥಳುಕು, ಒಳಗೆ ಹುಳುಕು ಎಂಬಂತಾದರೆ ಗ್ರಾಹಕನು ಎರಡನೆಯ ಬಾರಿ ಬರಲಾರನು.